ಯಾರೂ ನೋಡದ ಹಗ್ಗ

ಹೊಸ ಕಟ್ಟಡಕ್ಕೆ ಕಾಲಿಟ್ಟರೆ ಮೊದಲು ಮೆಟ್ಟಿಲು, ಆಮೇಲೆ ಲಿಫ್ಟು. ಇದು ನಮ್ಮ ಮನೆಯ ಕಟ್ಟಳೆ. ನನ್ನ ಗಂಡ ಇಪ್ಪತ್ತಾರು ವರ್ಷ ಲಿಫ್ಟು ರಿಪೇರಿ ಮಾಡಿದವರು. ಮದುವೆಯಾದ ಹೊಸದರಲ್ಲಿ ಅವರ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗಿ ಐದು ಮಹಡಿ ಹತ್ತಿಸಿದ್ದರು. ಪ್ರತಿ ಮಹಡಿಯಲ್ಲೂ ನಿಂತು, ಲಿಫ್ಟಿನ ಬಾಗಿಲ ಮೇಲೆ ಅಂಗೈ ಇಟ್ಟು, ಕಿವಿ ಕೊಟ್ಟು ಕೇಳುವುದು. ಮೇಲೆ ಮುಟ್ಟಿದ ಮೇಲೆ "ಪರವಾಗಿಲ್ಲ, ಇಳಿಯೋವಾಗ ಇದ್ರಲ್ಲೇ ಇಳಿಯೋಣ" ಎನ್ನುವುದು. ಇಲ್ಲವೇ ಏನೂ ಹೇಳದೆ ಮೆಟ್ಟಿಲಲ್ಲೇ ಇಳಿಸುವುದು. ಏನೂ ಹೇಳದಿದ್ದರೆ ಆ ಲಿಫ್ಟು ಸರಿಯಿಲ್ಲ ಎಂದು ಅರ್ಥ.

ಜೊತೆಯವರು ಅವರಿಗೆ ಕಿವಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೆಷಿನ್ನು ಬಿಚ್ಚುವ ಮೊದಲೇ ಎಲ್ಲಿ ಏನು ಸವೆದಿದೆ ಎಂದು ಸದ್ದು ಕೇಳಿ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ ಆ ಕಿವಿ ಕೆಲಸ ಮಾಡುತ್ತಿರಲಿಲ್ಲ. ಮೂರು ಸಲ ಕೂಗಿದರೆ ಒಂದು "ಹೂಂ" ಬರುತ್ತಿತ್ತು.

ಸಣ್ಣಪುಟ್ಟ ಸುಳ್ಳು ಹೇಳುತ್ತಿದ್ದರು. ಮಧ್ಯಾಹ್ನದ ಊಟ ಆಯಿತು ಎನ್ನುವರು, ಡಬ್ಬಿ ತೆಗೆದರೆ ಹಾಕಿಕೊಟ್ಟದ್ದು ಹಾಕಿಕೊಟ್ಟ ಹಾಗೇ ಇರುವುದು. ನನ್ನ ಅಡುಗೆ ಚೆನ್ನಾಗಿದೆ ಎನ್ನುವುದೂ ಸುಳ್ಳೇ. ಲಿಫ್ಟಿನ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ. ಒಮ್ಮೆ ಒಂದು ಹೋಟೆಲ್ಲಿನ ಲಿಫ್ಟು ಸರಿಯಿಲ್ಲ ಎಂದು ಕರೆಂಟು ತೆಗೆದು, ಮೆಷಿನ್ ರೂಮಿಗೆ ಬೀಗ ಜಡಿದು, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದುಬಿಟ್ಟರು. ಹಿಂದೆಯೇ ಮಾಲೀಕ ನಮ್ಮ ಬಾಗಿಲಿಗೆ ಬಂದ.

"ಮೇಲೆ ಪಾರ್ಟಿ ಇದೆ ಕಣಯ್ಯಾ, ನೂರೈವತ್ತು ಜನ! ಅವರನ್ನೆಲ್ಲ ನೀನು ಹೊತ್ಕೊಂಡು ಹೋಗ್ತೀಯಾ?"

"ಮೆಟ್ಟಿಲು ಹತ್ತಿಸಿ ಸಾರ್. ಹಸಿವಾಗತ್ತೆ, ಚೆನ್ನಾಗಿ ತಿಂತಾರೆ" ಎಂದು ಬಾಗಿಲು ಹಾಕಿಕೊಂಡರು.

ನಾನು ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಪ್ಯಾಂಟಿನ ಕಾಲು ಮಡಿಸಿ ಹೊಲಿಯುವವಳು. ಬಟ್ಟೆ ನೋಡಿದರೆ ಹಾಕಿಕೊಂಡವರ ಕೆಲಸ ಏನೆಂದು ಹೇಳಬಲ್ಲೆ. ಅವರ ನೀಲಿ ಅಂಗಿಯ ತೋಳಿನ ತುದಿ ಯಾವಾಗಲೂ ಕಪ್ಪು. ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗಕ್ಕೆ ಅವರು ರೋಪು ಎನ್ನುತ್ತಿದ್ದರು. ರೋಪಿಗೆ ಜಿಡ್ಡು ಸವರಿರುತ್ತಾರೆ. ಲಿಫ್ಟನ್ನು ನಿಧಾನ ಓಡಿಸಿ, ಒಂದು ಬಟ್ಟೆ ಚೂರನ್ನು ರೋಪಿಗೆ ಒತ್ತಿ ಹಿಡಿಯಬೇಕು. ಎಲ್ಲಿಯಾದರೂ ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಈ ಕೆಲಸ ಮಾಡಿ ಬಂದವರ ಕೈ ಎರಡು ದಿನವಾದರೂ ಬೆಳ್ಳಗಾಗುವುದಿಲ್ಲ. ಇಪ್ಪತ್ತೊಂದು ವರ್ಷ ಆ ಅಂಗಿಗಳನ್ನು ತಿಕ್ಕಿ ತಿಕ್ಕಿ ನನ್ನ ಉಗುರುಗಳೂ ಕಪ್ಪಾಗಿದ್ದವು.

ಮಗಳ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಂಗಿ ಒಗೆಯುವುದು ಸುಲಭವಾಯಿತು. ಒಂದು ಸಲ ಸೋಪು ಹಾಕಿದರೆ ಸಾಕು. ಸೀನಿಯರ್ ಆದರಲ್ಲ, ಕೊಳೆ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದಾರೆ ಎಂದುಕೊಂಡೆ. ನನಗೆ ಸಂತೋಷವೇ ಆಯಿತು.

ಮಗಳಿಗೆ ಆಗ ಹದಿನೇಳು. ಕಿವಿ ಕೇಳದ ಮಕ್ಕಳಿಗೆ ಪರೀಕ್ಷೆ ಮಾಡುವ, ಮಾತು ಕಲಿಸುವ ಓದು ಬೇಕೆಂದು ಹಟ ಹಿಡಿದಿದ್ದಳು. "ನಾನು ಮೆಷಿನ್ನಿನ ಕಿವಿ, ಇವಳು ಮನುಷ್ಯರ ಕಿವಿ" ಎಂದು ಅವರು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಎರಡು ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಿತು. ಒಂದು ನಮ್ಮ ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಇನ್ನೊಂದಕ್ಕೆ ರೈಲಿನಲ್ಲಿ ಎಂಟು ಗಂಟೆ. ಯಾವುದು ಎಂದು ಎರಡು ವಾರದೊಳಗೆ ಹೇಳಬೇಕು. ಕೊನೆಯ ದಿನ ಎರಡನೇ ವಾರದ ಶುಕ್ರವಾರ, ಸಂಜೆ ಐದು ಗಂಟೆ.

ಅವಳು ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ "ಹತ್ತಿರದ್ದು", ಇನ್ನೊಂದು ಕಡೆ "ದೂರದ್ದು" ಎಂದು ಬರೆದಳು. ಕೆಳಗೆ ಲ್ಯಾಬು, ಟೀಚರ್ಸು, ಲೈಬ್ರರಿ, ಹಾಸ್ಟೆಲ್ಲು.

"ಅಮ್ಮ ಅಂತ ಒಂದು ಸಾಲು ಹಾಕು" ಎಂದೆ.

"ಅಮ್ಮ ಎರಡೂ ಕಡೆ ಫೋನಲ್ಲಿ ಬೈತಾಳೆ. ಮಾರ್ಕ್ಸು ಸಮ" ಎಂದಳು.

ಅವರು ನಕ್ಕರು. "ಎರಡನ್ನೂ ನಾನು ನೋಡ್ತೀನಿ. ನೋಡಿದ್ಮೇಲೆ ಹೇಳ್ತೀನಿ. ಅಲ್ಲೀತನಕ ತಾಯಿ ಮಗಳು ಕಿತ್ತಾಡ್ಬೇಡಿ."

ನನಗೆ ಹತ್ತಿರದ್ದೇ ಬೇಕಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಹತ್ತಿರದ್ದಕ್ಕೆ ಮೊದಲ ವಾರದ ಸೋಮವಾರ ಹೋದೆವು. ಹಳೆಯ ಕಟ್ಟಡ. ಮೆಟ್ಟಿಲುಗಳು ನಡುವೆ ಸವೆದು ಗುಳಿ ಬಿದ್ದಿದ್ದವು. ಅವಳ ಡಿಪಾರ್ಟ್‌ಮೆಂಟು ನಾಲ್ಕನೇ ಮಹಡಿಯಲ್ಲಿ. ಲಿಫ್ಟಿಗೆ ಕಬ್ಬಿಣದ ಮಡಚುವ ಬಾಗಿಲು. ಕಟ್ಟಳೆಯಂತೆ ಮೆಟ್ಟಿಲು ಹತ್ತಿದೆವು. ಅವರು ಒಂದನೇ ಮಹಡಿಯಲ್ಲಿ ನಿಂತರು. ಎರಡನೆಯದರಲ್ಲಿ ನಿಂತರು. ಅಂಗೈ ಬಾಗಿಲಿನ ಮೇಲೆ, ತಲೆ ತಗ್ಗಿಸಿ.

"ಅಪ್ಪಾ, ಅದು ನಿಂತಿದೆ. ನಿಂತಿರೋ ಲಿಫ್ಟಲ್ಲಿ ಏನು ಕೇಳ್ಸತ್ತೆ?" ಎಂದಳು ಮಗಳು.

"ನಿಂತಿರೋದೇ ಜಾಸ್ತಿ ಹೇಳತ್ತೆ, ಮೇಡಮ್ಮೋರೆ."

ಮೂರನೇ ಮಹಡಿಯಲ್ಲಿ ಇನ್ನಷ್ಟು ಹೊತ್ತು ನಿಂತರು. ಹಳೇ ಲಿಫ್ಟು, ನಿಧಾನ ನೋಡುತ್ತಿದ್ದಾರೆ ಎಂದು ನಾನು ಗೋಡೆಗೆ ಒರಗಿ ಕಾದೆ.

ಮೇಲೆ ಕಿವಿ ಪರೀಕ್ಷೆಯ ಮೆಷಿನ್ನಿಗೆ ಒಂದು ಬೆಡ್‌ಶೀಟು ಹೊದಿಸಿದ್ದರು. ಕ್ಲರ್ಕು ಹೆಂಗಸು ಹೇಳಿದಳು, "ರಿಪೇರಿಗೆ ಬರೆದಿದ್ದೀವಿ."

"ಯಾವಾಗ ಬರೆದ್ರಿ?" ಎಂದು ಮಗಳು ಕೇಳಿದಳು.

"ನಾನು ಕೆಲ್ಸಕ್ಕೆ ಸೇರೋಕ್ಕಿಂತ ಮುಂಚೆ."

ಪಾಠ ಮಾಡುವವರು ಇಬ್ಬರು, ಅದರಲ್ಲಿ ಒಬ್ಬರು ರಜೆಯಲ್ಲಿ. ಮಗಳ ಮುಖ ಇಳಿಯಿತು. ಇಳಿಯುವಾಗ ಲಿಫ್ಟಿನಲ್ಲೇ ಇಳಿದೆವು. "ಮುದುಕ. ಆದ್ರೆ ಗಟ್ಟಿ" ಎಂದರು ಅವರು. ನನ್ನ ಜೀವಕ್ಕೆ ಹಾಯೆನಿಸಿತು.

ಮರುದಿನ ಬೆಳಿಗ್ಗೆ ರೈಲು ಹತ್ತಿ ದೂರದ್ದಕ್ಕೆ ಹೋದೆವು. ಅದು ಹೊಸದು. ಗಾಜು, ಹುಲ್ಲು, ಬೋರ್ಡುಗಳು. ನೆಲ ಎಷ್ಟು ನುಣುಪೆಂದರೆ ನಾನು ಚಪ್ಪಲಿ ಊರಿ ಊರಿ ನಡೆದೆ. ಡಿಪಾರ್ಟ್‌ಮೆಂಟಿನ ಪಕ್ಕದಲ್ಲೇ ಸಣ್ಣ ಆಸ್ಪತ್ರೆ. ಮೂರು ವರ್ಷದ ಒಂದು ಮಗು ಕಿವಿಗೆ ಮೆಷಿನ್ನು ಸಿಕ್ಕಿಸಿಕೊಂಡು, ಟೀಚರು ಡಬ್ಬಿ ಬಡಿದಾಗಲೆಲ್ಲ ಮರದ ಗುಂಡೊಂದನ್ನು ಬುಟ್ಟಿಗೆ ಹಾಕುತ್ತಿತ್ತು. ನನ್ನ ಮಗಳು ಗಾಜಿಗೆ ಮೂಗು ಒತ್ತಿ ನಿಂತಳು. ಕರೆದರೂ ಕೇಳಲಿಲ್ಲ. ಅವಳು ಆಗಲೇ ಅಲ್ಲಿಯವಳಾಗಿದ್ದಳು. ನನಗೆ ಕಂಡಿತು, ಅವರಿಗೂ ಕಂಡಿತು.

ಹೊರಗಿನ ಸದ್ದು ಒಂದಿಷ್ಟೂ ಒಳಗೆ ಬಾರದ ಒಂದು ಕೋಣೆ ಇತ್ತು. ದಪ್ಪ ಬಾಗಿಲು, ಗೋಡೆಗೆಲ್ಲ ಸ್ಪಂಜು. ಅಲ್ಲಿ ನಿಂತರೆ ನಮ್ಮ ಮೈಯೊಳಗಿನ ಸದ್ದು ನಮಗೇ ಕೇಳಿಸುತ್ತದೆ ಎಂದು ಟೀಚರು ಹೇಳಿದರು. "ನೀವು ಹೋಗಿ ಅಪ್ಪಾ, ನಿಮಗೇ ಮಾಡಿಸಿದ ಹಾಗಿದೆ" ಎಂದು ಮಗಳು ಅವರನ್ನು ಒಳಗೆ ತಳ್ಳಿ ಬಾಗಿಲು ಹಾಕಿದಳು. ಅವರು ಒಂದು ನಿಮಿಷವೂ ಇರಲಿಲ್ಲ. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ಏನಾಯ್ತು?" ಎಂದೆ.

"ಏನಿಲ್ಲ. ಒಳಗೆ ಸೆಕೆ."

ಹಾಸ್ಟೆಲ್ಲು ಎಂಟು ಮಹಡಿ. ಹೊಸದಾಗಿ ಸೇರುವವರಿಗೆ ಏಳನೇ ಮಹಡಿಯಲ್ಲಿ ರೂಮು. ಲಿಫ್ಟು ಫಳಫಳ ಹೊಳೆಯುತ್ತಿತ್ತು. "ಇವತ್ತೊಂದು ದಿನ ಲಿಫ್ಟಲ್ಲೇ ಹೋಗೋಣಪ್ಪಾ" ಎಂದು ಮಗಳು ಕೈ ಹಿಡಿದು ಎಳೆದಳು. ಅವರು ಲಿಫ್ಟನ್ನು ನೋಡಿದರು, ಮೆಟ್ಟಿಲನ್ನು ನೋಡಿದರು. "ಮೊದಲು ಮೆಟ್ಟಿಲು" ಎಂದರು. ಆವತ್ತು ಅವರು ಲಿಫ್ಟು ಹತ್ತಿದ್ದರೆ ಏನೋ ಆಗಿದೆ ಎಂದು ನಮಗಿಬ್ಬರಿಗೂ ಆ ಕ್ಷಣವೇ ಗೊತ್ತಾಗಿಬಿಡುತ್ತಿತ್ತು.

ಒಂದೊಂದು ಮಹಡಿಗೂ ನಿಂತರು. ಮಗಳು ಎರಡೆರಡು ಮೆಟ್ಟಿಲು ಹಾರಿಕೊಂಡು ಮುಂದೆ ಹೋದಳು. ನಾನು ಅವರ ಹಿಂದೆ. ಐದನೇ ಮಹಡಿಯಲ್ಲಿ ಅಂಗೈ ಇಡಲಿಲ್ಲ, ಹಣೆಯನ್ನೇ ಬಾಗಿಲಿಗೆ ಆನಿಸಿ ನಿಂತುಬಿಟ್ಟರು. ನಾನು ನಾಲ್ಕು ಮಾತಾಡಿದರೂ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಹೇಳಿದರು, "ಏನೋ ಸದ್ದು ಬರ್ತಿದೆ ಕಣೇ."

"ಏನು ಸದ್ದು?"

"ಗೊತ್ತಾಗ್ತಿಲ್ಲ."

ಅಷ್ಟು ವರ್ಷಗಳಲ್ಲಿ ಸದ್ದಿನ ವಿಷಯಕ್ಕೆ ಅವರ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಲಿಫ್ಟಿಗೆ ಏನೋ ಆಗಿದೆ ಎಂದುಕೊಂಡೆ. ಬೇರೆ ಏನೂ ತಲೆಗೆ ಹೊಳೆಯಲಿಲ್ಲ.

ರೂಮು ನೋಡಿದೆವು. ಮಂಚ ಎರಡು, ಕಿಟಕಿ ಒಂದು. ಮಗಳು ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತು "ಇದು ನಂದು" ಎಂದಳು. ಅವರು ವಾಚ್‌ಮನ್ನನ್ನು ಮಾತಿಗೆಳೆದು, ನಾನೂ ಇದೇ ಕಸುಬಿನವನು ಎಂದು ಹೇಳಿ, ಮೆಷಿನ್ ರೂಮಿನ ಬೀಗದ ಕೈ ತೆಗೆದುಕೊಂಡರು. ಮೆಷಿನ್ ರೂಮು ತಾರಸಿಯ ಮೇಲೆ. ಅಲ್ಲಿಯತನಕ ನಾವೂ ಹೋದೆವು. ತಾರಸಿಯಿಂದ ಅದರೊಳಗೆ ಹೋಗಲು ಗೋಡೆಗೆ ಬಡಿದ ಕಬ್ಬಿಣದ ಏಣಿ, ಹದಿನೈದು ಮೆಟ್ಟಿಲು.

"ನೀವಿಬ್ರೂ ಕೆಳಗೆ ಹೋಗಿರಿ. ಬಿಸಿಲು" ಎಂದರು.

ಕೆಳಗೆ ಬೆಂಚಿನ ಮೇಲೆ ಕಾದೆವು. ನಲವತ್ತು ನಿಮಿಷ. ಮಗಳು ನೋಟ್‌ಬುಕ್ಕಿನಲ್ಲಿ "ದೂರದ್ದು" ಕಡೆಗೆಲ್ಲ ನಕ್ಷತ್ರ ಹಾಕುತ್ತಾ ಕುಳಿತಿದ್ದಳು. ವಾಚ್‌ಮನ್ನು ಎರಡು ಸಲ ಮೇಲೆ ನೋಡಿದ. ಕೊನೆಗೆ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಅವರು ಗೋಡೆಗೆ ಒರಗಿ ನಿಂತಿದ್ದರು. ಅಂಗಿ ಬೆವರಿನಲ್ಲಿ ಮುದ್ದೆಯಾಗಿತ್ತು.

"ಈ ಕಡೆ ಬೇಡ" ಎಂದರು. "ರೋಪು ಸರಿಯಿಲ್ಲ. ಎಳೆ ಬಿಟ್ಟಿದೆ."

ಮಗಳು ನೋಟ್‌ಬುಕ್ಕು ಮುಚ್ಚಿದಳು. ಆಮೇಲೆ ಕೇಳಿದಳು, "ಮತ್ತೆ ನೀವ್ಯಾಕಪ್ಪಾ ಅದ್ರಲ್ಲೇ ಇಳಿದ್ರಿ?"

"ಒಬ್ಬನ ಭಾರ ತಡೆಯತ್ತೆ."

ನಾನು ಅವರ ಕೈ ನೋಡಿದೆ. ಎರಡೂ ಕೈ ಬೆಳ್ಳಗಿದ್ದವು. ಉಗುರಿನ ಸಂದಿಯಲ್ಲೂ ಕಪ್ಪಿರಲಿಲ್ಲ. ತೋಳಿನ ತುದಿಯಲ್ಲಿ ಒಂದು ಚುಕ್ಕಿ ಇರಲಿಲ್ಲ. ರೋಪು ಮುಟ್ಟಿದ ಕೈ ಅದಲ್ಲ. ನನಗೆ ಅಲ್ಲೇ ಗೊತ್ತಾಯಿತು, ಇವರು ಸುಳ್ಳು ಹೇಳುತ್ತಿದ್ದಾರೆ. ನನಗೋಸ್ಕರ ಹೇಳುತ್ತಿದ್ದಾರೆ, ಮಗಳು ನನ್ನ ಹತ್ತಿರ ಇರಲಿ ಎಂದು. ಹಾಗೆ ಅಂದುಕೊಂಡೆ. ಒಳಗೊಳಗೇ ಹಿಗ್ಗಿದೆ. ಮಗಳು ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದಾಗ ನಾನೇ ಅಡ್ಡ ಬಂದೆ. "ಅಪ್ಪ ಹೇಳಿದ್ಮೇಲೆ ಆಯ್ತು, ಬಾ. ರೈಲಿಗೆ ಹೊತ್ತಾಗತ್ತೆ" ಎಂದೆ.

ರೈಲಿನಲ್ಲಿ ಅವಳು ನೋಟ್‌ಬುಕ್ಕು ತೆಗೆದು "ದೂರದ್ದು" ಎಂಬುದರ ಮೇಲೆ ಒಂದೇ ಗೆರೆ ಎಳೆದಳು. ಅಳಲಿಲ್ಲ. ಅವಳ ಅಪ್ಪ ಲಿಫ್ಟಿನ ವಿಷಯದಲ್ಲಿ ಹೇಳಿದರೆ ಹೇಳಿದರು, ಅಷ್ಟೇ. ಅದು ಹುಟ್ಟಿದಾಗಿನಿಂದ ಅವಳು ಕಲಿತ ಪಾಠ. ಅವರು ಕಿಟಕಿಯ ಕಡೆಗೆ ಮುಖ ಮಾಡಿ ಎಡಗೈಯನ್ನು ತೊಡೆಯ ಮೇಲೆ ಮುಚ್ಚುವುದು, ತೆರೆಯುವುದು ಮಾಡುತ್ತಿದ್ದರು.

"ಕೈ ಜೋಮು ಹಿಡಿದಿದೆಯಾ?" ಎಂದೆ.

"ಹೂಂ" ಎಂದರು. ಮೊದಲ ಸಲಕ್ಕೇ ಕೇಳಿಸಿತ್ತು.

ಹತ್ತಿರದ್ದಕ್ಕೆ ಸೇರುತ್ತೇವೆ ಎನ್ನುವ ಫಾರಮ್ಮಿಗೆ ಅಪ್ಪನ ಸಹಿ ಬೇಕಿತ್ತು. ಮಗಳು ತುಂಬಿಸಿ ಫ್ರಿಜ್ಜಿನ ಮೇಲೆ ಇಟ್ಟಳು. ಅವರು ನಾಳೆ ಹಾಕ್ತೀನಿ, ನಾಳೆ ಹಾಕ್ತೀನಿ ಎಂದು ಮುಂದಕ್ಕೆ ಹಾಕಿದರು. ಬುಧವಾರ, ಗುರುವಾರ, ಶುಕ್ರವಾರ. ಫ್ರಿಜ್ಜಿನ ಹತ್ತಿರ ಹೋಗುವರು, ನೀರು ಕುಡಿಯುವರು, ಬರುವರು. ಶನಿವಾರ ನಾನು ಪೆನ್ನು ಕೈಗೆ ಕೊಟ್ಟೆ. "ಅವಳ ಮುಖ ನೋಡಿದ್ಯಾ ಅಲ್ಲಿ?" ಎಂದರು.

"ನೋಡ್ದೆ. ಹುಡುಗಿ, ಮರೀತಾಳೆ ಬಿಡಿ" ಎಂದೆ.

ಪೆನ್ನನ್ನು ಫಾರಮ್ಮಿನ ಮೇಲೆ ಇಟ್ಟು ಹೋಗಿ ಮಲಗಿದರು.

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಮಂಚದ ಅಂಚಿನಲ್ಲಿ ಕುಳಿತು ಸಾಕ್ಸು ಹಾಕಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯಿಂದ ಮೂರು ಸಲ ಕೂಗಿದೆ. ಮೂರು ಸಲಕ್ಕೂ ಉತ್ತರ ಬರಲಿಲ್ಲ. ಚಹಾ ಸೋಸಿಕೊಂಡೇ ಬಂದೆ. ಒಂದು ಕಾಲಿಗೆ ಸಾಕ್ಸು ಹಾಕಿಯಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಾವಿನ ಕಾಗದ ಬರೆಯುತ್ತಾ ಕೇಳಿದರು, "ಹೃದಯದ ರಕ್ತನಾಳ ಕಟ್ಟಿಕೊಂಡು ತಿಂಗಳುಗಳೇ ಆಗಿರಬೇಕು. ಮೆಟ್ಟಿಲು ಹತ್ತೋವಾಗ ನಿಂತು ನಿಂತು ಹತ್ತುತ್ತಿದ್ರಾ?"

"ಹತ್ತುತ್ತಿದ್ರು" ಎಂದೆ.

"ನಿಮಗೆ ಏನೂ ಅನ್ನಿಸಲಿಲ್ವಾ?"

"ಅದು ಅವರ ಕೆಲ್ಸ" ಎಂದೆ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಬುಧವಾರ ದಪ್ಪಣ್ಣ ಬಂದ. ಅವರ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಕಡ್ಡಿಯ ಹಾಗಿದ್ದಾನೆ, ಅದಕ್ಕೇ ಆ ಹೆಸರು. ಕುರ್ಚಿಯ ತುದಿಯಲ್ಲಿ ಕುಳಿತ. ಮಗಳು ಒಳಗಿನ ರೂಮಿನಲ್ಲಿ ಮಲಗಿದ್ದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ದಪ್ಪಣ್ಣ, ಮೂರು ತಿಂಗಳಿಂದ ಅವರ ಅಂಗಿ ಯಾಕೆ ಕೊಳೆ ಆಗ್ತಿರ್ಲಿಲ್ಲ?"

ಅವನು ನೆಲ ನೋಡಿದ. "ಅಣ್ಣ ಏಣಿ ಹತ್ತೋದು ಬಿಟ್ಟಿದ್ದ ಅತ್ತಿಗೆ. ಎದೆ ಹಿಡ್ಕೊಳತ್ತೆ ಅಂತಿದ್ದ. ನಾನೇ ಹತ್ತಿ ನೋಡ್ತಿದ್ದೆ. ಮನೇಲಿ ಹೇಳ್ಬೇಡ, ಮಗಳ ಅಡ್ಮಿಷನ್ ಮುಗೀಲಿ, ಆಮೇಲೆ ತೋರಿಸ್ಕೋತೀನಿ ಅಂದಿದ್ದ. ಆಣೆ ಹಾಕಿಸ್ಕೊಂಡಿದ್ದ."

"ನೀನಿಲ್ಲದ ಕಡೆ? ಒಬ್ಬರೇ ಹೋದ ಕಡೆ?"

ಅವನು ಗಾಳಿಯಲ್ಲಿ ಬೆರಳಾಡಿಸಿ ಸಹಿ ಹಾಕುವ ಹಾಗೆ ತೋರಿಸಿದ. ಪ್ರತಿ ಲಿಫ್ಟಿನೊಳಗೂ ಒಂದು ಕಾರ್ಡು ತಗುಲಿಸಿರುತ್ತಾರೆ. ತಿಂಗಳಿಗೊಂದು ಸಲ ನೋಡಿದವರು ಅದರಲ್ಲಿ ತಾರೀಕು ಹಾಕಿ ಸಹಿ ಮಾಡಬೇಕು.

"ಸೈನ್ ಹಾಕಿ ಬರ್ತಿದ್ದ" ಎಂದ. "ಕೆಳಗಿಂದಾನೇ ಕೇಳಿ, ಸೈನ್ ಹಾಕಿ ಬರ್ತಿದ್ದ ಅತ್ತಿಗೆ. ಎಷ್ಟು ಕಡೆ ಅಂತ ನಂಗೂ ಗೊತ್ತಿಲ್ಲ. ಈಗ ಒಂದೊಂದಾಗಿ ಹೋಗಿ ನೋಡ್ತಿದ್ದೀನಿ."

ಅವನು ಹೋದ ಮೇಲೆ ನಾನು ಅಲ್ಲೇ ಕುಳಿತೆ. ತಾರಸಿಯ ಆ ಏಣಿ ಕಣ್ಣಿಗೆ ಕಟ್ಟಿತು. ನಲವತ್ತು ನಿಮಿಷ ಅವರು ಅದರ ಬುಡದಲ್ಲಿ ಕುಳಿತಿದ್ದರು. ಮೇಲೆ ಹೋಗಲು ಆಗಿರಲಿಲ್ಲ. ಇಳಿಯಲೂ ಆಗಿರಲಿಲ್ಲ, ಅದಕ್ಕೇ ಲಿಫ್ಟಿನಲ್ಲಿ ಬಂದರು. ಬೆಳ್ಳಗಿನ ಕೈ ಕಂಡಾಗ "ಯಾಕ್ರೀ ಹತ್ತಲಿಲ್ಲ?" ಎಂದು ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕಸುಬಿನವನ ಹೆಂಡತಿ ನಾನು, ಕೇಳಬೇಕಾದವಳು ನಾನೊಬ್ಬಳೇ. ನನಗೆ ಆ ಸುಳ್ಳು ಬೇಕಾಗಿತ್ತು, ಕೇಳಲಿಲ್ಲ. ಆಮೇಲೆ ಐದು ದಿನ ಅವರು ಬದುಕಿದ್ದರು. ಐದು ದಿನದಲ್ಲಿ ಆಸ್ಪತ್ರೆಗೆ ಹತ್ತು ಸಲ ಹೋಗಿಬರಬಹುದಿತ್ತು.

ಅವರು ಯಾಕೆ ಹಾಗೆ ಹೇಳಿದರೋ ನನಗೆ ಈಗಲೂ ಗೊತ್ತಿಲ್ಲ. ನಾನು ಒಂಟಿಯಾಗುತ್ತೇನೆ ಎಂದೋ, ಹತ್ತಲು ಆಗಲಿಲ್ಲ ಎನ್ನಲು ನಾಚಿಕೆಯೋ. ಇಲ್ಲ, ಐದನೇ ಮಹಡಿಯಲ್ಲಿ ನಿಜವಾಗಿಯೂ ಏನೋ ಕೇಳಿಸಿತ್ತೋ.

ಗುರುವಾರ ಮಗಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಅವಳು ಬೆಡ್‌ಶೀಟು ಹೊದಿಸಿದ ಮೆಷಿನ್ನಿನ ಮುಂದೆ ನಾಲ್ಕು ವರ್ಷ ಕೂರುತ್ತಾಳೆ, ಅಪ್ಪನ ಕೊನೆಯ ಮಾತು ಎಂದು. ಮನೆ ತುಂಬಾ ಜನ ಬಂದು ಹೋಗುತ್ತಿದ್ದರು. ನಾದಿನಿ ಹೇಳಿದಳು, "ಪುಣ್ಯಕ್ಕೆ ಮಗಳು ಇಲ್ಲೇ ಇರ್ತಾಳಲ್ಲ." ನಾನು ಹೂಂ ಎಂದೆ.

ಶುಕ್ರವಾರ ನಾಲ್ಕು ಗಂಟೆಗೆ ಇಬ್ಬರೂ ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದೆವು. ಅಪ್ಪನ ಸಹಿಯ ಜಾಗದಲ್ಲಿ ಈಗ ನಾನು ಹಾಕಬೇಕಿತ್ತು. ಅಂಗಡಿಯವನು ಕಂಪ್ಯೂಟರ್ ತೆರೆದು ಕುಳಿತಿದ್ದ. ಪೆನ್ನು ಹಿಡಿದೆ. ಹೆಸರಿನ ಮೊದಲ ಅಕ್ಷರ ಬರೆದೆ. ಕೈ ಮುಂದಕ್ಕೆ ಹೋಗಲಿಲ್ಲ.

"ನಿಮ್ಮಪ್ಪ ಆ ರೋಪು ನೋಡ್ಲೇ ಇಲ್ಲ" ಎಂದೆ.

"ಏನು?"

"ಏಣಿ ಹತ್ತಕ್ಕೇ ಆಗಿರ್ಲಿಲ್ಲ ಅವರಿಗೆ. ಕೆಳಗೇ ಕೂತು ಬಂದ್ರು. ಕೈ ಬೆಳ್ಳಗಿತ್ತು."

ಅವಳು ನನ್ನನ್ನೇ ನೋಡಿದಳು. "ನಿಂಗೆ ಯಾರು ಹೇಳಿದ್ದು?"

"ದಪ್ಪಣ್ಣ ಹೇಳ್ದ. ಬುಧವಾರ."

"ಕೈ ಬೆಳ್ಳಗಿತ್ತು ಅಂತ ದಪ್ಪಣ್ಣ ಮಾಮಂಗೆ ಹೇಗೆ ಗೊತ್ತು? ಅವರು ಅಲ್ಲಿರ್ಲಿಲ್ವಲ್ಲ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನೀನು ನೋಡಿದ್ಯಾ? ಅವತ್ತೇ?"

"ನೋಡಿದ್ದೆ."

"ನೋಡಿ ಸುಮ್ನಿದ್ಯಾ?"

"ನೀನು ಹತ್ರ ಇರ್ತೀಯ ಅಂತ ಸುಮ್ನಿದ್ದೆ."

ಅಂಗಡಿಯ ಮೆಷಿನ್ನು ಯಾರದೋ ಕಾಗದ ಎಳೆದುಕೊಂಡು ಬೆಳಕು ಬಿಟ್ಟಿತು. ಅವಳು ಏನೋ ಲೆಕ್ಕ ಹಾಕುತ್ತಿದ್ದಳು. ನಾನು ಬುಧವಾರ ಹಾಕಿದ್ದ ಲೆಕ್ಕವೇ. "ಕೇಳಿದ್ದಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದಳು. ಮುಗಿಸಿದ್ದರೆ ವಾಸಿಯಿತ್ತು.

"ಬೇಗ ಹೇಳಿ ಅಮ್ಮಾ, ಐದಕ್ಕೆ ಸೈಟು ಮುಚ್ತಾರೆ" ಎಂದ ಅಂಗಡಿಯವನು.

"ಇದು ಬೇಡ. ಇನ್ನೊಂದು ತೆಗೀರಿ, ದೂರದ್ದು" ಎಂದಳು ಅವಳು.

ನಾನು ಅವಳ ತೋಳು ಹಿಡಿದೆ. "ಆ ರೋಪು ಯಾರೂ ನೋಡಿಲ್ಲ ಕಣೇ. ಅಪ್ಪಂಗೆ ಐದನೇ ಮಹಡೀಲಿ ಏನೋ ಕೇಳ್ಸಿತ್ತು."

"ಅಪ್ಪಂಗೆ ಏನು ಕೇಳ್ಸಿತ್ತು ಅಂತ ಈಗ ಗೊತ್ತಾಯ್ತಲ್ಲ" ಎಂದಳು. "ಸೈನ್ ಹಾಕು."

ಹಾಕಿದೆ.

ಇಪ್ಪತ್ತು ದಿನ ಬಿಟ್ಟು ಅವಳನ್ನು ಬಿಟ್ಟುಬರಲು ಹೋದೆ. ಈ ಇಪ್ಪತ್ತು ದಿನದಲ್ಲಿ ಬೇಕಾದಷ್ಟೇ ಮಾತಾಡಿದಳು. ಉಪ್ಪು ಕೊಡು, ಬೀಗ ಹಾಕು, ಹೊತ್ತಾಯಿತು. ಹಾಸ್ಟೆಲ್ಲಿನಲ್ಲಿ ಟ್ರಂಕು, ಹಾಸಿಗೆ ಎಲ್ಲ ಲಿಫ್ಟಿಗೆ ಇಟ್ಟುಕೊಂಡು ಅವಳೂ ಹತ್ತಿದಳು. ಒಳಗಿನಿಂದ ನನ್ನನ್ನು ನೋಡಿದಳು. ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಬಾಗಿಲು ಮುಚ್ಚಿತು. ನಾನು ಏಳು ಮಹಡಿ ಹತ್ತಿದೆ. ಪ್ರತಿ ಮಹಡಿಯಲ್ಲೂ ನಿಂತು ಬಾಗಿಲಿಗೆ ಅಂಗೈ ಇಟ್ಟೆ. ನನಗೆ ಏನು ಕೇಳಿಸೀತು? ತಣ್ಣಗಿತ್ತು, ಒಳಗೆ ಏನೋ ಗುಂಯ್‌ಗುಡುತ್ತಿತ್ತು. ಎಲ್ಲ ಲಿಫ್ಟೂ ಗುಂಯ್‌ಗುಡುತ್ತವೆ.

ವಾರ್ಡನ್ನಮ್ಮನ ಆಫೀಸಿಗೆ ಹೋಗಿ ರೋಪು ಯಾರಾದರೂ ಹತ್ತಿ ನೋಡಲಿ ಎಂದೆ. ಅವರು ಒಳ್ಳೆಯವರು, ಕುರ್ಚಿ ಹಾಕಿ ಕೂರಿಸಿದರು.

"ಪ್ರತಿ ತಿಂಗಳೂ ನೋಡ್ತಾರಮ್ಮಾ. ಕಾರ್ಡಿದೆ ನೋಡಿ, ಸೈನ್ ಇದೆ. ಒಂದು ತಿಂಗಳೂ ತಪ್ಪಿಲ್ಲ."

ಲಿಫ್ಟಿನ ತನಕ ಬಂದು ಒಳಗಿನ ಕಾರ್ಡು ತೋರಿಸಿದರು. ಹನ್ನೆರಡು ತಾರೀಕು, ಹನ್ನೆರಡು ಸಹಿ. ಒಂದೇ ಕೈ, ನೀಟಾಗಿತ್ತು. ಕಾರ್ಡಿನ ಮೇಲೆ ಎಲ್ಲೂ ಒಂದು ಜಿಡ್ಡಿನ ಬೆರಳ ಗುರುತು ಇರಲಿಲ್ಲ.

ಅದನ್ನೇ ಹೇಳಿದೆ. ಅವರು ನಕ್ಕು "ಅಂದ್ರೆ ನೀಟಾಗಿ ಕೆಲ್ಸ ಮಾಡ್ತಾರೆ ಅಂತಾಯ್ತಲ್ಲ" ಎಂದರು.

ದಪ್ಪಣ್ಣನನ್ನೂ ಕೇಳಿದೆ. ಅದು ಬೇರೆ ಕಂಪನಿಯ ಲಿಫ್ಟು, ಅವನನ್ನು ಮುಟ್ಟಲು ಬಿಡುವುದಿಲ್ಲ. ಅರ್ಜಿ ಬರೆದುಕೊಟ್ಟ, ಕಳಿಸಿದೆ. ಉತ್ತರ ಬಂದಿಲ್ಲ. ಇನ್ನೊಂದು ಬರೆಸಿದೆ. ಅದಕ್ಕೂ ಇಲ್ಲ.

ಈಗ ಅವಳು ಸೇರಿ ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಏಳೂವರೆಗೆ ನಾನೇ ಫೋನ್ ಮಾಡುತ್ತೇನೆ. ಆ ಹೊತ್ತಿಗೆ ಹಾಸ್ಟೆಲ್ಲಿನವರೆಲ್ಲ ಒಟ್ಟಿಗೆ ಕ್ಲಾಸಿಗೆ ಇಳಿಯುತ್ತಾರೆ. ಲಿಫ್ಟಿನೊಳಗೆ ಎಂಟು ಜನ ಎಂದು ಬರೆದಿದ್ದಾರೆ, ಹನ್ನೊಂದು ಜನ ತುರುಕಿಕೊಳ್ಳುತ್ತಾರಂತೆ. ಇದನ್ನು ಅವಳೇ ಒಂದು ದಿನ ನಗುತ್ತಾ ಹೇಳಿದಳು. ಅಪ್ಪ ಹೋದ ಮೇಲೆ ನನ್ನ ಜೊತೆ ನಕ್ಕದ್ದು ಅದೇ ಮೊದಲು, ಅದಕ್ಕೆ ನಾನು ಬೈಯಲಿಲ್ಲ.

ಇವತ್ತೂ ಮಾಡಿದೆ. ಆ ಮೂರು ವರ್ಷದ ಮಗು "ನೀರು" ಎಂದಿತಂತೆ. ಅದನ್ನು ಹೇಳುವಾಗ ಅವಳ ದನಿ ಬೇರೆಯಾಗಿತ್ತು. ಹಿಂದೆ ಹುಡುಗಿಯರ ಗಲಾಟೆ.

"ಮೆಟ್ಟಿಲಲ್ಲಿ ಇಳಿಯೇ" ಎಂದೆ.

"ಏಳು ಮಹಡೀನಮ್ಮಾ. ಲೇಟಾಗತ್ತೆ."

"ಅರ್ಜಿಗೆ ಉತ್ತರ ಬಂದಿಲ್ಲ."

"ಗೊತ್ತು. ಲಿಫ್ಟು ಬಂತು, ಇಡ್ತೀನಿ."

ಫೋನು ಕೆಳಗಿಟ್ಟು ಗಡಿಯಾರ ನೋಡುತ್ತಾ ಕುಳಿತೆ. ಏಳನೇ ಮಹಡಿಯಿಂದ ಕೆಳಗೆ ಬರಲು ಆ ಲಿಫ್ಟಿಗೆ ಐವತ್ತು ಸೆಕೆಂಡು ಬೇಕು. ನಾನು ಐದು ನಿಮಿಷ ಬಿಡುತ್ತೇನೆ. ಆಮೇಲೆ ಮತ್ತೆ ಮಾಡಿದೆ. ರಿಂಗಾಯಿತು, ಆಗುತ್ತಲೇ ಇತ್ತು, ಆಮೇಲೆ ಎತ್ತಿದಳು.

"ಏನಮ್ಮಾ?"

"ಏನಿಲ್ಲ" ಎಂದೆ.